ರಿವರ್ಸ್ ನಡೆಯುವ ನಾಯಿ

ಕಾರ್ಖಾನೆಯಲ್ಲಿ ಅವಳಿಗೆ ಎಕ್ಸ್‌ರೇ ಅಕ್ಕ ಎಂದು ಹೆಸರು. ಎದುರಿಗೆ ಬರೀ ಅಕ್ಕ, ಗೇಟು ದಾಟಿದ ಮೇಲೆ ಎಕ್ಸ್‌ರೇ. ಸಿದ್ಧ ಉಡುಪು ಹೊಲಿಯುವ ಕಾರ್ಖಾನೆ ಅದು. ಸಂಜೆ ಕೆಲಸ ಬಿಟ್ಟು ಹೊರಡುವ ಹೆಂಗಸರ ಚೀಲ ತಡಕಿ ಹೊರಗೆ ಬಿಡುವುದು ಅವಳ ಕೆಲಸ. ಊಟದ ಡಬ್ಬಿಯ ಮುಚ್ಚಳ ತೆಗೆಸುತ್ತಿದ್ದಳು, ಮಡಿಸಿದ ಕೊಡೆ ಬಿಚ್ಚಿಸುತ್ತಿದ್ದಳು, ಸ್ವೆಟರಿನ ತೋಳಿನೊಳಗೆ ಕೈ ಇಳಿಸುತ್ತಿದ್ದಳು. ದಾರದ ಉಂಡೆ, ಗುಂಡಿಯ ಪೊಟ್ಟಣ, ಲೇಸಿನ ತುಂಡು ಎಲ್ಲೆಲ್ಲಿ ಅಡಗಿ ಹೊರಗೆ ಹೋಗುತ್ತವೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಹಿಂದೆ ಅವಳೂ ಹೊಲಿಗೆ ಮಿಷನ್ ಮುಂದೆ ಕೂತವಳೇ. ಬೆನ್ನುನೋವು ಹಿಡಿದ ಮೇಲೆ ಗೇಟಿಗೆ ಹಾಕಿದರು. ಚೀಲಕ್ಕಿಂತ ಮೊದಲು ಅವಳು ನೋಡುತ್ತಿದ್ದುದು ಮುಖ. ಕದ್ದವರು ಸುಮ್ಮನೆ ನಿಲ್ಲುವುದಿಲ್ಲ, ಕೇಳದೆ ಇದ್ದರೂ ಏನಾದರೂ ಮಾತಾಡುತ್ತಾರೆ ಎಂಬುದು ಅವಳ ಅನುಭವ.

ಈ ಬುದ್ಧಿ ಗೇಟಿನಲ್ಲೇ ಬಿಟ್ಟು ಬರುವಂಥದ್ದಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುತ್ತಿದ್ದಳು. ಮಹಡಿ ಮನೆಯ ಅಜ್ಜಿ ಅಕ್ಕರೆಯಿಂದ ಮಾತಾಡಿಸಿದರೆ, ಏನೋ ಕೇಳಲು ಬಂದಿದ್ದಾಳೆ ಎಂದು ಬಾಗಿಲು ಅರ್ಧ ಮುಂದೆ ಮಾಡುತ್ತಿದ್ದಳು. ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ "ಚೆನ್ನಾಗಿದೀನಮ್ಮ" ಅಂದರೆ, "ಯಾಕೆ, ಏನಾಯ್ತು?" ಎಂದು ಕೇಳುತ್ತಿದ್ದಳು.

ಅನುಮಾನಕ್ಕೆ ಹೊರತಾಗಿದ್ದವನು ಗಂಡ ಒಬ್ಬನೇ. ಅವನು ಕಿಟಕಿಗಳಿಗೆ ಗಾಜು ಕೂರಿಸುವವನು. ಸಣ್ಣ ಲಗೇಜ್ ಗಾಡಿಯಲ್ಲಿ ಗಾಜಿನ ಹಾಳೆಗಳನ್ನು ನಿಲ್ಲಿಸಿಕೊಂಡು ಹೋಗಿ, ಮನೆಮನೆಯಲ್ಲಿ ಅಳತೆಗೆ ಕತ್ತರಿಸಿ, ಗಾಜು ಅಲುಗದಂತೆ ಅಂಚಿಗೆ ಪುಟ್ಟಿ ಮೆತ್ತಿ ಬರುತ್ತಿದ್ದ. ಮಾತು ಕಡಿಮೆ. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅದು ಅವನಿಗೂ ಗೊತ್ತಿದ್ದರಿಂದ ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಅಂಥವನು ಒಂದು ಸಂಜೆ ಹಗ್ಗ ಕಟ್ಟಿದ ನಾಯಿಯೊಂದನ್ನು ಹಿಡಿದುಕೊಂಡು ಮನೆಗೆ ಬಂದ. ಕಂದು ಬಿಳಿ ಬಣ್ಣದ, ಒಂದು ಕಿವಿ ನೆಟ್ಟಗೆ ನಿಂತು ಇನ್ನೊಂದು ಮಡಚಿಕೊಂಡಿದ್ದ ಗಂಡು ನಾಯಿ.

"ಎಲ್ಲಿಂದ ತಂದ್ರಿ ಇದನ್ನ?"

"ಸಿಕ್ತು."

"ಎಲ್ಲಿ ಸಿಕ್ತು?"

"ಹೆದ್ದಾರಿ ಪಕ್ಕ. ನಿಂತಿತ್ತು, ಪಾಪ."

ಅವಳು ನಾಯಿಯನ್ನು ನೋಡಿದಳು. ಹೆದ್ದಾರಿ ಪಕ್ಕ ನಿಂತಿದ್ದ ನಾಯಿಯ ಮೈ ಧೂಳಾಗಿರಬೇಕಿತ್ತು. ಇದು ಸೋಪಿನ ವಾಸನೆ ಹೊಡೆಯುತ್ತಿತ್ತು. ಉಗುರು ಕತ್ತರಿಸಿದ್ದರು. ಕುತ್ತಿಗೆಯ ಸುತ್ತ ಪಟ್ಟಿ ಉಜ್ಜಿ ಕೂದಲು ಸವೆದ ಗೆರೆ ಕಾಣುತ್ತಿತ್ತು. ಪಟ್ಟಿ ಮಾತ್ರ ಇರಲಿಲ್ಲ. ಅವಳು ಗಂಡನ ಕಿವಿ ನೋಡಬೇಕು ಅನ್ನುವಷ್ಟರಲ್ಲಿ ಅವನು ಟವೆಲ್ ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ.

ನಾಯಿ ಮನೆಯೊಳಗೆ ಒಂದು ಸುತ್ತು ಹೊಡೆದು, ಮುಂಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಮಲಗಿತು. ಅದನ್ನು ದಾಟದೆ ಯಾರೂ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ. ಈ ಒಂದು ಗುಣ ಅವಳಿಗೆ ಹಿಡಿಸಿತು. ಚಿಲಕ ಎಂದು ಹೆಸರಿಟ್ಟಳು.

ಚಿಲಕನ ಕಾಟಕ್ಕೆ ಕೊನೆಯಿರಲಿಲ್ಲ. ಅವಳ ಕಪ್ಪು ಯೂನಿಫಾರ್ಮಿನ ಮೇಲೆ ಬಿಳಿ ಕೂದಲು, ಗಂಡನ ಕಂದು ಅಂಗಿಯ ಮೇಲೂ ಬಿಳಿ ಕೂದಲು. ಕಂದು ಕೂದಲು ಎಲ್ಲಿ ಉದುರುತ್ತದೋ ದೇವರಿಗೇ ಗೊತ್ತು. ಚಪ್ಪಲಿ ಕಚ್ಚಿದರೆ ಎಡಗಾಲಿನದನ್ನೇ ಕಚ್ಚುತ್ತಿತ್ತು, ಹಾಗಾಗಿ ಬಲಗಾಲಿನ ಒಂಟಿ ಚಪ್ಪಲಿಗಳು ಮಂಚದ ಕೆಳಗೆ ರಾಶಿಬಿದ್ದವು. ಒರೆಸಿದ ನೆಲ ಒಣಗುವುದಕ್ಕೆ ಮೊದಲೇ ಅದರ ಮೇಲೆ ನಡೆಯಬೇಕು ಅದಕ್ಕೆ. ಮಹಡಿ ಅಜ್ಜಿ ದಿನಾ ಬೆಳಿಗ್ಗೆ ಮೆಟ್ಟಿಲಿನ ಮೇಲೆ ನಿಂತು, "ನಿಮ್ಮ ನಾಯಿ ಕೂದ್ಲು ನನ್ನ ಬಚ್ಚಲು ಕಟ್ಕೊಂಡಿದೆ" ಅನ್ನುತ್ತಿದ್ದಳು. ಕೆಳಗಿನ ಮನೆಯ ನಾಯಿಯ ಕೂದಲು ಮಹಡಿ ಮೇಲಿನ ಬಚ್ಚಲಿಗೆ ಹತ್ತಿ ಹೋಗುವುದು ಹೇಗೆ ಎಂದು ಇವಳು ಕೇಳಿದರೆ, "ನಂಗೇನು ಗೊತ್ತು, ನಾಯಿ ನಿಮ್ದು" ಎಂದು ಮಾತು ಮುಗಿಸುತ್ತಿದ್ದಳು.

ನಾಯಿಗೆ ನಾಲ್ಕು ಬುದ್ಧಿ ಕಲಿಸೋಣ ಎಂದು ಬಿಸ್ಕತ್ತು ಹಿಡಿದು ಕೂತಳು. "ಕೂತ್ಕೋ" ಅಂದಳು. ನಿಂತೇ ಇತ್ತು. ಸೊಂಟ ಒತ್ತಿ ಕೂರಿಸಿದಳು. ಕೈ ತೆಗೆದ ಕೂಡಲೇ ಎದ್ದಿತು. "ಕೈ ಕೊಡು" ಅಂದಳು. ಅವಳ ಮುಖವನ್ನೂ ಬಿಸ್ಕತ್ತನ್ನೂ ಒಂದಾದ ಮೇಲೊಂದು ನೋಡಿತು. ವಾರಗಟ್ಟಲೆ ಹೀಗೇ ನಡೆಯಿತು. ಬಿಸ್ಕತ್ತೆಲ್ಲ ಖಾಲಿಯಾಯಿತು, ಬುದ್ಧಿ ಬರಲಿಲ್ಲ. "ದಡ್ಡ ಮುಂಡೇದು" ಎಂದು ಕೈಬಿಟ್ಟಳು. ಆದರೂ ಅದರ ಕಣ್ಣಿನಲ್ಲಿ ದಡ್ಡತನ ಕಾಣುತ್ತಿರಲಿಲ್ಲ. ಯಾವುದೋ ಮಾತಿಗೆ ಕಾಯುತ್ತಿರುವ ಹಾಗೆ ತಲೆ ಓರೆ ಮಾಡಿ ನೋಡುತ್ತಿತ್ತು. ಏನನ್ನೋ ಬಚ್ಚಿಟ್ಟುಕೊಂಡವರ ಮುಖ ಅದು ಅನ್ನಿಸಿ ಅವಳಿಗೆ ಇರಿಸುಮುರಿಸಾಗುತ್ತಿತ್ತು.

ಗುಟ್ಟು ರಟ್ಟಾಗಿದ್ದು ಒಂದು ರಜಾ ದಿನ, ನಡುಬೀದಿಯಲ್ಲಿ. ಎದುರುಮನೆಗೆ ಬೀರು ತಂದ ವ್ಯಾನು ಬೀದಿಯಲ್ಲಿ ತಿರುಗಲಾಗದೆ ಹಿಂದಕ್ಕೆ ಬರತೊಡಗಿತ್ತು. ಕ್ಲೀನರ್ ಹಿಂದೆ ನಿಂತು ಕೈ ಬೀಸುತ್ತ, "ರಿವರ್ಸ್, ರಿವರ್ಸ್, ಬರ್ಲಿ ಬರ್ಲಿ" ಎಂದು ಕೂಗುತ್ತಿದ್ದ. ಅವಳು ಚಿಲಕನ ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಹಗ್ಗ ಎಳೆದಂತಾಯಿತು. ತಿರುಗಿ ನೋಡಿದರೆ ಚಿಲಕ ಹಿಂದಕ್ಕೆ ನಡೆಯುತ್ತಿದೆ. ಬೆದರಿ ಸರಿಯುತ್ತಿರಲಿಲ್ಲ, ತಲೆ ನೆಟ್ಟಗಿಟ್ಟು, ಒಂದೊಂದೇ ಕಾಲನ್ನು ಅಳೆದು ಹಿಂದೆ ಇಡುತ್ತ, ನೆಟ್ಟಗಿನ ಗೆರೆಯಲ್ಲಿ ಹೋಗುತ್ತಿತ್ತು. ಕ್ಲೀನರ್ "ಎಡಕ್ಕೆ, ಎಡಕ್ಕೆ" ಅಂದ. ನಾಯಿ ಸೊಂಟ ಎಡಕ್ಕೆ ತಿರುಗಿಸಿತು. "ಬ್ರೇಕ್" ಅಂದ. ವ್ಯಾನು ನಿಂತಿತು. ನಾಯಿ ಗಪ್ಪಂತ ಕೂತಿತು.

ಬೀದಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಲೀನರ್, "ಅಕ್ಕ, ಇದಕ್ಕೆ ಲೈಸೆನ್ಸ್ ಇದ್ಯಾ?" ಎಂದು ಕೇಳಿದ. ಎಲ್ಲರೂ ನಗುವಾಗ ಅವಳು ಮಾತ್ರ ನಾಯಿಯ ಕುತ್ತಿಗೆಯ ಸವೆದ ಗೆರೆಯನ್ನೇ ನೋಡುತ್ತಿದ್ದಳು. ಹೆದ್ದಾರಿಯ ಬೀಡಾಡಿ ನಾಯಿಗೆ ರಿವರ್ಸ್ ಹೇಳಿಕೊಟ್ಟವರು ಯಾರು?

ಮನೆಗೆ ಬಂದು ಬಾಗಿಲು ಹಾಕಿ, ಮೆಲ್ಲಗೆ "ಬ್ರೇಕ್" ಅಂದಳು. ಕೂತಿತು. "ಹಾರನ್" ಅಂದಳು. ಒಂದೇ ಒಂದು ಸಲ ಬೊಗಳಿತು. "ಇಂಡಿಕೇಟರ್" ಅಂದಾಗ ಬಲಗಾಲು ಮುಂದೆ ಚಾಚಿತು. ಅವಳು ವಾರಗಟ್ಟಲೆ "ಕೈ ಕೊಡು" ಎಂದು ಬೇಡಿಕೊಂಡಿದ್ದ ಅದೇ ಕಾಲು. ಇಷ್ಟು ದಿನ ಕೇಳಿದ ಮಾತು ಬೇರೆಯಾಗಿತ್ತು, ಅಷ್ಟೇ. ಯಾರೋ ಕೂತು, ತಾಳ್ಮೆಯಿಂದ, ಮುದ್ದಿನಿಂದ ಕಲಿಸಿದ ನಾಯಿ ಇದು. ಅಂಥವರು ಇದನ್ನು ಹೆದ್ದಾರಿ ಪಕ್ಕ ಬಿಡುತ್ತಾರೆಯೇ?

ಸಂಜೆ ಗಂಡನಿಗೆ ಚಹಾ ಕೊಡುತ್ತ ಸಹಜವಾಗಿ ಕೇಳಿದಳು. "ನಾಯಿ ಎಲ್ಲಿ ಸಿಕ್ತು ಅಂದ್ರಿ?"

"ಮಾರ್ಕೆಟ್ ಹಿಂದೆ."

"ಹೆದ್ದಾರಿ ಅಂದಿದ್ರಿ."

"ಹೂಂ, ಹೆದ್ದಾರೀಲಿ. ಮಾರ್ಕೆಟ್ ದಾಟಿದ್ರೆ ಹೆದ್ದಾರೀನೇ ಅಲ್ವಾ."

ಕಿವಿ ಎರಡೂ ಕೆಂಪಾಗಿದ್ದವು. ಅವಳು ಮತ್ತೆ ಕೇಳಲಿಲ್ಲ. ಚೀಲದಲ್ಲಿ ಏನೋ ಇದೆ ಎಂದು ಖಚಿತವಾದಾಗ ಅವಳು ಎಂದೂ ತಕ್ಷಣ ಕೈ ಹಾಕುತ್ತಿರಲಿಲ್ಲ. ಆದರೆ ಎದೆಯೊಳಗೆ ಬೆಂಕಿ ಬಿದ್ದಿತ್ತು. ಊರ ಹೆಂಗಸರ ಚೀಲವನ್ನೆಲ್ಲ ತಡಕುವವಳ ಮನೆಯಲ್ಲೇ ಕದ್ದ ಮಾಲು. ಕದ್ದವನು ಇಷ್ಟು ವರ್ಷ ಕಣ್ಣುಮುಚ್ಚಿ ನಂಬಿದ ಗಂಡ.

ಮುಂದಿನ ರಜೆಯಂದು ನಾಯಿಯನ್ನು ಮನೆಯಲ್ಲೇ ಬಿಟ್ಟು ಡ್ರೈವಿಂಗ್ ಶಾಲೆಗಳನ್ನು ಹುಡುಕಿಕೊಂಡು ಹೊರಟಳು. ಮೊದಲು ಹೋದ ಶಾಲೆಯಲ್ಲಿ ನಾಯಿಯ ಸುಳಿವೇ ಇರಲಿಲ್ಲ. ಎರಡನೆಯದು ಊರಿನ ಇನ್ನೊಂದು ತುದಿಯಲ್ಲಿತ್ತು. ಒಂದು ಬಯಲು, ಮೂಲೆಯಲ್ಲಿ ತಗಡಿನ ಆಫೀಸು, ಅದಕ್ಕೆ ಅಂಟಿದಂತೆ ಮನೆ. ಕಲಿಸುವವರು ನರೆತ ಮೀಸೆಯ ತೆಳ್ಳಗಿನ ಮನುಷ್ಯ; ಕಲಿಯುವವರೆಲ್ಲ ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಡ್ರೈವಿಂಗ್ ಕಲಿಯಬೇಕು ಎಂದಳು. ಕೂತುಕೊಳ್ಳಿ, ಇವತ್ತೇ ಶುರು ಮಾಡೋಣ ಎಂದರು.

ಕಾರಿನ ಹಿಂದಿನ ಸೀಟಿನ ಮೇಲೆ ಹಳೆಯ ಟವೆಲ್ ಹಾಸಿತ್ತು. ಅದರ ತುಂಬ ಕಂದು ಕೂದಲು. ಕಂದು ಕೂದಲು ಎಲ್ಲಿ ಉದುರುತ್ತಿದ್ದವು ಎಂಬುದು ಅವಳಿಗೆ ಆಗ ಗೊತ್ತಾಯಿತು.

ಬಯಲಲ್ಲಿ ಸ್ವಲ್ಪ ಹೊತ್ತು ಸುತ್ತಿಸಿ, ಅವರು ಅವಳನ್ನು ಸಂದಿಗೊಂದಿಗಳಿಗೆ ಕರೆದೊಯ್ದರು. ಮೊದಲ ದಿನವೇ ಇಷ್ಟು ಇಕ್ಕಟ್ಟಾದ ಗಲ್ಲಿಗಳಲ್ಲಿ ಯಾರಾದರೂ ಗಾಡಿ ಓಡಿಸಲು ಹೇಳುತ್ತಾರೆಯೇ? ಮೇಷ್ಟ್ರು ದಾರಿಯನ್ನು ನೋಡುತ್ತಲೇ ಇರಲಿಲ್ಲ. ಕಸದ ತೊಟ್ಟಿಯ ಹಿಂದೆ, ನಿಂತ ಲಾರಿಗಳ ಕೆಳಗೆ, ಅಂಗಡಿ ಜಗುಲಿಗಳ ಮೇಲೆ ಅವರ ಕಣ್ಣು ಓಡಾಡುತ್ತಿತ್ತು. "ನಿಧಾನ, ಇನ್ನೂ ನಿಧಾನ" ಅನ್ನುತ್ತಿದ್ದರು.

"ಏನು ಹುಡುಕ್ತಿದೀರಿ ಮೇಷ್ಟ್ರೇ?"

"ನಾಯಿ ಇತ್ತು ನಮ್ದು. ಹೆಂಡತಿ ಗೇಟ್ ಹಾಕೋದು ಮರೆತಳು, ಹೊರಗೆ ಓಡಿಹೋಯ್ತು. ಕಲಿಯೋರು ಯಾರೇ ಬಂದ್ರೂ ಒಂದೊಂದು ಗಲ್ಲಿಗೆ ಕರ್ಕೊಂಡು ಹೋಗ್ತೀನಿ." ಇನ್ನೊಂದು ಲಾರಿಯ ಕೆಳಗೆ ಬಗ್ಗಿ ನೋಡಿ, "ಸ್ಟೆಪ್ನಿ ಅಂತ ಹೆಸರು. ಗಾಡಿ ಹಿಂದೆ ಹೆಚ್ಚುವರಿ ಚಕ್ರ ಇರಲ್ವಾ, ಹಾಗೆ ಯಾವಾಗ್ಲೂ ಹಿಂದಿನ ಸೀಟಲ್ಲೇ ಇರ್ತಿತ್ತು" ಎಂದರು.

ಆ ಕ್ಷಣ ಹೇಳಿಬಿಡಬಹುದಿತ್ತು. ಹೇಳಿದರೆ ಗಂಡ ಕಳ್ಳನಾಗುತ್ತಿದ್ದ. ಅವಳು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡಳು.

ಬಯಲಿಗೆ ಮರಳಿ ಕಾರಿನಿಂದ ಇಳಿದವಳ ಕಣ್ಣು ಪಕ್ಕದ ಮನೆಯ ಕಿಟಕಿಯ ಮೇಲೆ ನೆಟ್ಟಿತು. ಒಂದು ಗಾಜು ಮಾತ್ರ ಹೊಸದು. ಸುತ್ತಲಿನ ಪುಟ್ಟಿ ಇನ್ನೂ ಬೆಳ್ಳಗಿತ್ತು. ನಾಲ್ಕೂ ಮೂಲೆಗಳಲ್ಲಿ ಹೆಬ್ಬೆರಳಿನಿಂದ ಒತ್ತಿ ಓರೆಯಾಗಿ ಎಳೆದ ಗುರುತಿತ್ತು. ಬೇರೆ ಗಾಜಿನವರು ಮೂಲೆಯನ್ನು ಚಾಕುವಿನಿಂದ ತೀಡುತ್ತಾರೆ. ಹೆಬ್ಬೆರಳು ಒತ್ತುವವನು ಅವಳ ಗಂಡ ಒಬ್ಬನೇ. ಅವಳ ಅಡುಗೆಮನೆಯ ಕಿಟಕಿಯಲ್ಲೂ ಅದೇ ಗುರುತಿತ್ತು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. "ಡ್ರೈವಿಂಗ್ ಮೇಷ್ಟ್ರ ಮನೆ ನಾಯಿ ಕದ್ದಿದೀರಿ ನೀವು."

ಅವನು ಗಾಡಿಯಿಂದ ಗಾಜು ಇಳಿಸುತ್ತಿದ್ದ. ಎರಡು ಕೈಯಲ್ಲೂ ಹಿಡಿದಿದ್ದ ಗಾಜನ್ನು ಗೋಡೆಗೆ ಒರಗಿಸಿಟ್ಟ. ಕೈ ಒರೆಸಿಕೊಂಡ.

"ಕದ್ದಿಲ್ಲ ಇವಳೇ. ಕೊಟ್ರು."

"ಯಾರು?"

"ಆ ಮನೆ ಅಮ್ಮ. ಗಾಜು ಕೂರಿಸಿ ಆದ್ಮೇಲೆ ಹಗ್ಗ ತಂದು ಕೈಗೆ ಕೊಟ್ರು. ಪಟ್ಟಿ ಅವರೇ ಬಿಚ್ಚಿದ್ರು. ಊರಾಚೆ ಬಿಟ್ಟುಬಿಡಿ, ವಾಪಸ್ ಬರೋ ದಾರಿ ಸಿಗದಷ್ಟು ದೂರ ಅಂದ್ರು. ನಾನೂ ಹೂಂ ಅಂದೆ. ಹೆದ್ದಾರಿವರೆಗೂ ಹೋದೆ, ಇಳಿಸ್ದೆ. ಅದು ಗಾಡಿ ಹಿಂದೆ ಹೋಗಿ ಕೂತ್ಕೊಂಡು ನನ್ನೇ ನೋಡ್ತಿತ್ತು. ಹೊತ್ಕೊಂಡು ವಾಪಸ್ ಬಂದೆ."

"ಇದನ್ನ ನನ್ನ ಹತ್ರ ಹೇಳೋಕೆ ಏನು ರೋಗ?"

"ಹೇಳಿದ್ರೆ ಅವತ್ತೇ ಹೋಗಿ ವಾಪಸ್ ಕೊಟ್ಟು ಬರ್ತಿದ್ದೆ ನೀನು. ಆ ಅಮ್ಮ ಇನ್ನೊಬ್ಬನ ಕೈಗೆ ಕೊಡ್ತಿದ್ರು. ಅವನು ಬಿಟ್ಟೇ ಬರ್ತಿದ್ದ."

ಅವನ ಕಿವಿ ಎಂದಿನ ಬಣ್ಣದಲ್ಲೇ ಇದ್ದವು. ನಂಬಿದಳು. ನಂಬಿದ ಮೇಲೆ ಇನ್ನೊಂದು ಸಂಕಟ ಶುರುವಾಯಿತು. ಲಾರಿಗಳ ಕೆಳಗೆ ಬಗ್ಗಿ ನೋಡುವ ಆ ಮನುಷ್ಯನ ಮುಖ ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ಮೇಷ್ಟ್ರು ಪಾಠಕ್ಕೆ ಹೊರಟ ಹೊತ್ತು ನೋಡಿಕೊಂಡು ಅವರ ಮನೆಗೆ ಹೋದಳು. ಹೆಂಡತಿ ಬಾಗಿಲು ತೆರೆದಳು. ಅಚ್ಚುಕಟ್ಟಾಗಿ ತಲೆ ಬಾಚಿ, ಮನೆಯಲ್ಲೇ ಇದ್ದರೂ ಎಲ್ಲಿಗೋ ಹೊರಟವರ ಹಾಗೆ ಉಟ್ಟ ಹೆಂಗಸು. ಗಾಜಿನವರ ಹೆಂಡತಿ ನಾನು ಎಂದ ಕೂಡಲೇ ಆಕೆಯ ಬಣ್ಣ ಇಳಿಯಿತು.

"ಸತ್ತುಹೋಯ್ತಾ?" ಎಂದು ಕೇಳಿದಳು.

"ಇಲ್ಲ. ನಮ್ಮ ಮನೇಲಿ ಚೆನ್ನಾಗಿದೆ. ಯಾಕೆ ಹೀಗೆ ಮಾಡಿದ್ರಿ ಅಂತ ಕೇಳೋಕೆ ಬಂದೆ."

ಆಕೆ ಒಳಗೆ ಕರೆದು ಕೂರಿಸಿದಳು. ಗೋಡೆಯ ಮೇಲೆ ನಾಯಿಯ ಫೋಟೋ ಇತ್ತು, ಕಾರಿನ ಕಿಟಕಿಯಿಂದ ಮುಖ ಹೊರಹಾಕಿದ್ದು. ಗಂಡಹೆಂಡಿರ ಫೋಟೋ ಎಲ್ಲೂ ಕಾಣಲಿಲ್ಲ.

"ಬೆಳಿಗ್ಗೆ ಎದ್ರೆ ಸ್ಟೆಪ್ನಿ, ಸಂಜೆ ಬಂದ್ರೆ ಸ್ಟೆಪ್ನಿ. ಕೂತ್ಕೊಂಡು ಗಂಟೆಗಟ್ಲೆ ಅದಕ್ಕೆ ಹೇಳಿಕೊಡೋರು, ಒಂದು ಚೂರೂ ಬೇಜಾರಿಲ್ಲ. ನನ್ನ ಹತ್ರ ಊಟ ಆಯ್ತಾ ಅಂತ ಕೇಳಿ ಯಾವ ಕಾಲ ಆಯ್ತೋ. ಅವತ್ತು ಅದು ಕಿಟಕಿಗೆ ಹಾರಿ ಗಾಜು ಒಡೀತು, ಚೂರು ನನ್ನ ಕಾಲಿಗೆ ಹೊಕ್ತು. ಬಂದವರು ಮೊದ್ಲು ನಾಯಿ ಪಾದ ಎತ್ತಿ ನೋಡಿದ್ರು." ಆಕೆ ಕೈಯ ಉಗುರು ನೋಡಿಕೊಂಡಳು. "ಈ ಮನೇಲಿ ಸ್ಟೆಪ್ನಿ ನಾಯಿ ಅಲ್ಲ, ನಾನು."

ಕಣ್ಣೀರು ಕಂಡರೆ ನಾಟಕ ಎಂದುಕೊಳ್ಳುವುದು ಅವಳ ಅಭ್ಯಾಸ. ಈಕೆ ಅಳುತ್ತಿರಲಿಲ್ಲ.

"ನಾಯಿ ವಾಪಸ್ ತಂದುಕೊಡ್ಲೇಬೇಕು ನಾನು. ಅವರು ಬೀದಿ ಬೀದಿ ಹುಡುಕ್ತಿದಾರೆ."

"ಗೊತ್ತು. ನಂಗೂ ನಿದ್ದೆ ಇಲ್ಲ. ತಂದುಕೊಡಿ. ಆದ್ರೆ ನಾನು ಕಳಿಸಿದ್ದು ಅಂತ ಮಾತ್ರ ಹೇಳ್ಬೇಡಿ."

"ಹೇಳಲ್ಲ" ಎಂದುಬಿಟ್ಟಳು. ಹೊರಗೆ ಬಂದ ಮೇಲೆ, ಯಾಕಾದರೂ ಮಾತು ಕೊಟ್ಟೆನೋ ಅನ್ನಿಸಿತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲೇ ಚಿಲಕನನ್ನು ಬಯಲಿಗೆ ಕರೆದೊಯ್ದಳು. ಗಂಡ ಬರಲಿಲ್ಲ, ಹೊಸ್ತಿಲ ಮೇಲೆ ಕೂತು ನಾಯಿಯ ಕಿವಿ ಒಮ್ಮೆ ಸವರಿ, ಎದ್ದು ಒಳಗೆ ಹೋದ. ಬಯಲಿನ ತುದಿಯಲ್ಲಿ ಮೇಷ್ಟ್ರ ದನಿ ಕೇಳಿದ್ದೇ ತಡ, ನಾಯಿ ಹಗ್ಗ ಕಿತ್ತುಕೊಂಡು ಓಡಿತು. ಮೇಷ್ಟ್ರು ಮಣ್ಣಿನಲ್ಲೇ ಕುಸಿದು ಕೂತರು. ನಾಯಿ ಅವರ ಮೀಸೆ, ಕನ್ನಡಕ, ಜೇಬು ಎಲ್ಲವನ್ನೂ ನೆಕ್ಕಿತು. ಕಲಿಯಲು ಬಂದವರು ಸುತ್ತ ಸೇರಿದರು.

ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ತಲೆ ಎತ್ತಿದರು. "ಎಲ್ಲಿ ಸಿಕ್ತು?"

"ನಮ್ಮ ಬೀದಿಗೆ ಬಂದಿತ್ತು."

"ಯಾವಾಗ?"

"ಸ್ವಲ್ಪ ದಿನ ಆಯ್ತು."

ಮೇಷ್ಟ್ರು ಎದ್ದು ನಿಂತರು. "ಮೊನ್ನೆ ನನ್ನ ಗಾಡೀಲೇ ಕೂತಿದ್ರಲ್ಲ ನೀವು. ನಾಯಿ ಕಳೆದಿದೆ ಅಂತ ನಾನೇ ಹೇಳ್ದೆ. ಆಗ ಯಾಕೆ ಬಾಯಿ ಬಿಡ್ಲಿಲ್ಲ?"

"ಅದೇ ನಾಯಿ ಅಂತ ಗೊತ್ತಾಗ್ಲಿಲ್ಲ. ನಮ್ದಕ್ಕೆ ಚಿಲಕ ಅಂತ ಹೆಸರಿಟ್ಟಿದ್ವಿ. ಮತ್ತೆ ಕಂದು ನಾಯಿ ಊರಲ್ಲಿ ಬೇಕಾದಷ್ಟಿವೆ. ನಾನು ಅಂದ್ಕೊಂಡೆ, ನೋಡೋಣ, ಯಾರಾದ್ರೂ ಕೇಳ್ಕೊಂಡು ಬರ್ತಾರೇನೋ ಅಂತ..."

ಮಾತಾಡುತ್ತಲೇ ತನ್ನ ದನಿ ತನಗೇ ಕೇಳಿಸಿತು. ಗೇಟಿನಲ್ಲಿ ಎಷ್ಟೋ ಹೆಂಗಸರು ಹೀಗೆಯೇ, ಕೇಳಿದ್ದಕ್ಕಿಂತ ಹೆಚ್ಚು ಮಾತಾಡಿದ್ದರು. ಅವಳು ಅವರ ಚೀಲ ಬೋರಲು ಹಾಕಿಸಿದ್ದಳು.

ಮೇಷ್ಟ್ರು ನಾಯಿಯ ಬಾಯಿ ಬಿಡಿಸಿ ನೋಡಿದರು, ಪಕ್ಕೆ ಒತ್ತಿದರು, ಕಿವಿಯೊಳಗೆ ಇಣುಕಿದರು. "ಪಟ್ಟಿ ಎಲ್ಲಿ? ಅದರ ಮೇಲೆ ನನ್ನ ಫೋನ್ ನಂಬರ್ ಇತ್ತು. ಯಾರು ಕಿತ್ತುಹಾಕಿದ್ದು?"

ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಏನೂ ಹೇಳಲಿಲ್ಲ. ನಾಯಿ ತಂದವಳೂ ಆ ಕಡೆ ನೋಡಲಿಲ್ಲ. ನೋಡಿದರೆ ಮೇಷ್ಟ್ರ ಕಣ್ಣೂ ಅತ್ತ ಹೋಗುತ್ತಿತ್ತು.

"ಗೊತ್ತಿಲ್ಲ" ಎಂದಳು.

"ಗೊತ್ತಿಲ್ಲ. ಡ್ರೈವಿಂಗ್ ಕಲೀತೀನಿ ಅಂತ ಬಂದು ಮನೆ ನೋಡ್ಕೊಂಡು ಹೋದ್ರಿ. ಯಾಕೋ ಜೀರ್ಣ ಆಗ್ಲಿಲ್ಲ, ವಾಪಸ್ ತಂದ್ರಿ. ಅಷ್ಟೇ ತಾನೇ? ಹೋಗಿ. ಪೊಲೀಸರವರೆಗೆ ಹೋಗಲ್ಲ, ಜೀವಂತ ತಂದುಕೊಟ್ರಲ್ಲ, ಅದಕ್ಕೆ."

ಕಲಿಯುವವರ ಗುಂಪಿನಲ್ಲಿ ಅವಳ ಕಾರ್ಖಾನೆಯ ಕಟಿಂಗ್ ವಿಭಾಗದವಳೊಬ್ಬಳು ಇದ್ದಳು. ಬೇರೆ ಡಂಗುರ ಬೇಕಿರಲಿಲ್ಲ. ಅವತ್ತು ಸಂಜೆ ಗೇಟಿನಲ್ಲಿ ಹೆಂಗಸರು ಕೇಳುವ ಮೊದಲೇ ಚೀಲ ಬಿಚ್ಚಿ ಹಿಡಿದರು. ಒಬ್ಬಳು ಡಬ್ಬಿಯ ಮುಚ್ಚಳ ತೆಗೆದು, "ನೋಡಿ ಅಕ್ಕ, ನಾಯಿ ಗೀಯಿ ಏನೂ ಇಲ್ಲ" ಎಂದಳು. ಹಿಂದಿನ ಸಾಲಿನಲ್ಲಿ ನಗು ಹಬ್ಬಿತು. ಅವಳು ಮುಚ್ಚಳ ಹಾಕಿ ಕೊಟ್ಟು, ಮುಂದಿನವಳ ಚೀಲಕ್ಕೆ ಕೈ ಹಾಕಿದಳು.

ಮನೆಯಲ್ಲಿ ಗಂಡ, "ಇದ್ದದ್ದು ಇದ್ದ ಹಾಗೆ ಹೇಳ್ಬಿಡ್ಬಾರ್ದಿತ್ತಾ?" ಎಂದ.

"ಮಾತು ಕೊಟ್ಟಿದ್ದೆ."

"ಆ ಅಮ್ಮ ಒಂದು ಮಾತು ಆಡ್ಲಿಲ್ವಲ್ಲ."

"ನೀವೂ ತಿಂಗಳುಗಟ್ಲೆ ಆಡ್ಲಿಲ್ಲ" ಎಂದಳು. ಹೊಸ್ತಿಲು ಖಾಲಿ ಇತ್ತು. ಇಬ್ಬರೂ ಅದನ್ನು ದಾಟುವಾಗ ಹಳೆಯ ಅಭ್ಯಾಸದಿಂದ ಕಾಲೆತ್ತಿ ಇಡುತ್ತಿದ್ದರು.

ಕೆಲವು ದಿನ ಕಳೆದು, ಸಂಜೆ ಕಾರ್ಖಾನೆಯ ಗೇಟಿನ ಆಚೆ ಮೇಷ್ಟ್ರ ಹೆಂಡತಿ ನಿಂತಿದ್ದು ಕಂಡಿತು; ಜಾಗ ಹೇಳಿದವಳು ಕಟಿಂಗ್ ವಿಭಾಗದವಳೇ ಇರಬೇಕು. ಕೆಲಸದ ಹೆಂಗಸರೆಲ್ಲ ಹೋಗುವವರೆಗೂ ಆಕೆ ಅಲ್ಲೇ ಕಾದಳು. ಇನ್ನೇನು ಬೇಡಿಕೆ ತಂದಿದ್ದಾಳೋ ಎಂದು ಅವಳು ಮುಖ ಗಂಟಿಕ್ಕಿಕೊಂಡೇ ಹತ್ತಿರ ಹೋದಳು.

"ನಾಯಿ ಊಟ ಬಿಟ್ಟಿದೆ" ಎಂದಳು ಆಕೆ. "ಮೊದಲೆರಡು ದಿನ ಕುಣಿದಾಡ್ತು. ಆಮೇಲೆ ಬಾಗಿಲಿಗೆ ಅಡ್ಡ ಮಲಗಿದ್ದು, ಏಳ್ತಾನೇ ಇಲ್ಲ. ಡಾಕ್ಟರು ನೋಡಿದ್ರು, ಕಾಯಿಲೆ ಏನೂ ಇಲ್ಲ ಅಂದ್ರು. ನೀವು ಏನು ಹಾಕ್ತಿದ್ರಿ?"

"ಅನ್ನ, ಬೇಯಿಸಿದ ಮೊಟ್ಟೆ."

"ಅದನ್ನೇ ಹಾಕಿದ್ದು."

ಇದೂ ಒಂದು ಬಲೆಯೇನೋ, ಮನೆಗೆ ಕರೆಸಿಕೊಂಡು ಮೇಷ್ಟ್ರು ಇನ್ನಷ್ಟು ಬೈಯಲಿಕ್ಕೇನೋ ಅನ್ನಿಸಿತು. ಅನ್ನಿಸಿದರೂ ಕಾಲು ಆಕೆಯ ಜೊತೆ ಹೊರಟಿತ್ತು.

ಚಿಲಕ ಆ ಮನೆಯ ಹೊಸ್ತಿಲಿಗೆ ಅಡ್ಡವಾಗಿ ಮಲಗಿತ್ತು. ಪಕ್ಕೆ ಒಳಕ್ಕೆ ಹೋಗಿತ್ತು. ಅವಳನ್ನು ಕಂಡು ಏಳಲಿಲ್ಲ, ಬಾಲ ಮಾತ್ರ ನೆಲಕ್ಕೆ ಬಡಿಯಿತು. ಮೇಷ್ಟ್ರು ಒಳಗಿನ ಕುರ್ಚಿಯಲ್ಲಿ ಕೂತಿದ್ದವರು ಎದ್ದರು. "ಇವರನ್ನ ಯಾಕೆ ಕರೆಸ್ದೆ?" ಎಂದು ಹೆಂಡತಿಯನ್ನು ಕೇಳಿದರು. ಆಕೆ ಒಳಗೆ ಹೋಗಿ ತಟ್ಟೆ ತಂದಳು.

ಅವಳು ಹೊಸ್ತಿಲ ಹೊರಗೆ ನೆಲದ ಮೇಲೆ ಕೂತು, ಅನ್ನವನ್ನೂ ಮೊಟ್ಟೆಯನ್ನೂ ಕಲಸಿ, ಉಂಡೆ ಕಟ್ಟಿ ಅಂಗೈಯಲ್ಲಿ ಹಿಡಿದಳು. ಅವಳ ಮನೆಯಲ್ಲಿ ನಡೆಯುತ್ತಿದ್ದುದು ಹೀಗೆಯೇ. ತಟ್ಟೆಗೆ ಹಾಕಿದರೆ ಅನ್ನ ಚೆಲ್ಲಾಡಿ ನೆಲ ಗಲೀಜು ಮಾಡುತ್ತಿತ್ತು. ಬೈದುಕೊಂಡು ಕೈಯಲ್ಲೇ ತಿನ್ನಿಸಿ ರೂಢಿಯಾಗಿತ್ತು. ನಾಯಿ ಮೂಸಿತು. ಒಂದು ತುತ್ತು ತಿಂದಿತು. ಇನ್ನೊಂದು ತಿಂದಿತು.

"ಏನು ಮದ್ದು ಹಾಕಿದೀರಿ ಇದಕ್ಕೆ?" ಮೇಷ್ಟ್ರ ದನಿ ಗಡುಸಾಗಿತ್ತು. "ನನ್ನ ನಾಯಿ ನನ್ನ ಕೈಲಿ ತಿನ್ನಲ್ಲ. ಕದ್ದವರ ಕೈಲಿ ತಿನ್ನುತ್ತೆ."

"ಅವರು ಕದ್ದಿಲ್ಲ" ಎಂದಳು ಹೆಂಡತಿ. ದನಿ ಏರಲಿಲ್ಲ, ಇಳಿಯಲಿಲ್ಲ. "ಪಟ್ಟಿ ಬಿಚ್ಚಿದ್ದು ನಾನು. ಗಾಜಿನವರ ಕೈಗೆ ಹಗ್ಗ ಕೊಟ್ಟು ಕಳಿಸಿದ್ದೂ ನಾನು. ದೂರ ಬಿಟ್ಟುಬಿಡಿ ಅಂದಿದ್ದೆ. ಅವರು ಬಿಡದೆ ಮನೆಗೆ ಕರ್ಕೊಂಡು ಹೋಗಿ ಸಾಕಿದ್ರು. ಇವರು ನನ್ನ ಮಾತು ಉಳಿಸೋಕೆ ಅವತ್ತು ನಿಮ್ಮ ಕೈಲಿ ಬೈ‌ಸ್ಕೊಂಡ್ರು."

ಮೇಷ್ಟ್ರು ಹೆಂಡತಿಯ ಮುಖವನ್ನೇ ನೋಡಿದರು. ಬಹಳ ದಿನಗಳಿಂದ ಆ ಮುಖವನ್ನು ಅಷ್ಟು ಹೊತ್ತು ಅವರು ನೋಡಿರಲಿಲ್ಲವೇನೋ. ಬಾಯಿ ತೆರೆದರು. ಅಷ್ಟರಲ್ಲಿ ನಾಯಿ ತಲೆ ಎತ್ತಿ, ತಿನ್ನುವುದನ್ನು ನಿಲ್ಲಿಸಿತು.

"ಈಗ ಮಾತು ಬೇಡ" ಎಂದರು ಮೇಷ್ಟ್ರು, ತೀರಾ ಮೆಲ್ಲಗೆ. "ತಿಂತಾ ಇದೆ. ಮುಗಿಸ್ಲಿ."

ಮೂವರೂ ತಟ್ಟೆ ಖಾಲಿಯಾಗುವವರೆಗೂ ಹಾಗೇ ಇದ್ದರು. ಆಮೇಲೆ ಅವಳು ಕೈ ತೊಳೆದುಕೊಂಡು ಹೊರಟಳು. ಗಂಡಹೆಂಡಿರ ನಡುವೆ ಆ ಸಂಜೆ ಏನು ಮಾತಾಯಿತೋ ಅವಳಿಗೆ ಗೊತ್ತಾಗಲಿಲ್ಲ. ಬಾಗಿಲು ಹಾಕಿದ ಸದ್ದು ಕೇಳಿತು, ಅಷ್ಟೇ.

ಅವಳ ಮುಂದಿನ ರಜೆಯಂದು ಬೆಳಿಗ್ಗೆ ಮೇಷ್ಟ್ರ ಕಾರು ಬೀದಿಗೆ ಬಂತು. ಹಿಂದಿನ ಬಾಗಿಲು ತೆರೆಯಿತು, ಚಿಲಕ ಕೆಳಕ್ಕೆ ಹಾರಿತು. ಮೇಷ್ಟ್ರು ಇಳಿಯಲಿಲ್ಲ. ಕಿಟಕಿಯಿಂದಲೇ, "ಸಂಜೆ ಬರ್ತೀನಿ" ಎಂದು ಹೊರಟುಹೋದರು. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ಅವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವಳೂ ಕಾಯಲಿಲ್ಲ. ಹಾಗೆಯೇ ರೂಢಿಯಾಯಿತು, ವಾರವಿಡೀ ನಾಯಿ ಅಲ್ಲಿ, ಅವಳ ರಜೆಯ ದಿನ ಇಲ್ಲಿ. ಎಷ್ಟೋ ವಾರಗಳ ನಂತರ ಮುಂದಿನ ಸೀಟಿನಲ್ಲಿ ಹೆಂಡತಿಯೂ ಇದ್ದಳು. ಡ್ರೈವರ್ ಸೀಟಿನಲ್ಲಿ. ಮೇಷ್ಟ್ರು ಪಕ್ಕದಲ್ಲಿ ಕೂತು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಹಲ್ಲು ಕಚ್ಚಿ ಹಿಡಿದ ತಾಳ್ಮೆಯಲ್ಲಿ "ನಿಧಾನ, ಕ್ಲಚ್ ನಿಧಾನ" ಅನ್ನುತ್ತಿದ್ದರು. ಕಾರು ಎರಡು ಸಲ ನೆಗೆದು ಮಹಡಿ ಅಜ್ಜಿಯ ಮೆಟ್ಟಿಲಿಗೆ ಇನ್ನೇನು ತಗಲಬೇಕು ಅನ್ನುವಾಗ ನಿಂತಿತು. ಆ ದಿನ ಇಬ್ಬರೂ ಇಳಿದು ಬಂದು ಚಹಾ ಕುಡಿದರು. ಗಾಜಿನವನೂ ಮೇಷ್ಟ್ರೂ ಕಾರಿನ ಹಿಂದಿನ ಗಾಜಿನ ಬಿರುಕು ನೋಡಿಕೊಂಡು ನಿಂತರು.

ಕಾರ್ಖಾನೆಯಲ್ಲಿ ನಾಯಿಯ ಜೋಕು ಹಳೆಯದಾಯಿತು. ನಿಜ ಏನೆಂದು ಅವಳು ಯಾರಿಗೂ ಹೇಳಲಿಲ್ಲ, ಕೆಲವರು ಈಗಲೂ ಅವಳನ್ನು ನಾಯಿಕಳ್ಳಿ ಎಂದೇ ನಂಬಿದ್ದಾರೆ. ಚೀಲ ತಡಕುವುದನ್ನು ಅವಳು ಬಿಡಲಿಲ್ಲ. ಅನುಮಾನವನ್ನೂ ಬಿಡಲಿಲ್ಲ. ಹಾಲಿನವನು ನಕ್ಕರೆ ಈಗಲೂ ಪಾತ್ರೆಯೊಳಗೆ ಇಣುಕುತ್ತಾಳೆ. ರಜೆಯ ದಿನ ಚಿಲಕ ಕಾರಿನಿಂದ ಇಳಿದ ಕೂಡಲೇ ಮೊದಲು ಅದರ ಪಕ್ಕೆ ಒತ್ತಿ, ಹೊಟ್ಟೆ ಸವರಿ, ಬಾಯಿ ಮೂಸುತ್ತಾಳೆ.

"ರೀ, ಅಲ್ಲಿ ಕೇಕ್ ಹಾಕ್ತಿದಾರೆ ಇದಕ್ಕೆ. ಬಾಯಿ ವಾಸನೆ ನೋಡಿ."

"ಹಾಕ್ಲಿ ಬಿಡು ಇವಳೇ."

"ಕೇಳಿದ್ರೆ ಬರೀ ಅನ್ನ ಮೊಟ್ಟೆ ಅಂತಾರೆ. ಯಾಕೆ ಮುಚ್ಚಿಡ್ಬೇಕು?" ಎಂದು ಅವಳು ನಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.